ಅಥೆನ್ಸಿನಿಂದ ಸರೋನಿಕ್ ದ್ವೀಪಗಳಿಗೆ: ಒಂದು ದಿನದ ಹಡಗು ಪ್ರಯಾಣವನ್ನು ಯೋಜಿಸುವ ಬಗೆ

ಅಥೆನ್ಸಿಗೆ ಹೋದವರು ಅಕ್ರೊಪೊಲಿಸ್ ನೋಡಿ ಮುಗಿಸಿದ ಮೇಲೆ ಉಳಿದ ಒಂದು ದಿನವನ್ನು ಸಮುದ್ರದ ಮೇಲೆ ಕಳೆಯಲು ಬಯಸುವುದು ಸಹಜ. ಸ್ಯಾಂಟೊರಿನಿ, ಮಿಕೊನೊಸ್‌ನಂತಹ ಹೆಸರಾಂತ ದ್ವೀಪಗಳು ಏಜಿಯನ್ ಸಮುದ್ರದ ನಡುವೆ ದೂರದಲ್ಲಿರುವುದರಿಂದ ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮರಳುವ ಪ್ರಯಾಣಕ್ಕೆ ಅವು ತಕ್ಕವಲ್ಲ. ಆದರೆ ಅಥೆನ್ಸ್ ಇರುವ ಆಟಿಕಾ ಪ್ರಾಂತ್ಯಕ್ಕೂ ಪೆಲೊಪೊನೀಸ್ ಪರ್ಯಾಯದ್ವೀಪದ ಪೂರ್ವದ ಅಂಚಿಗೂ ನಡುವೆ ಸರೋನಿಕ್ ಎಂಬ ಕೊಲ್ಲಿಯಿದೆ. ಸಲಾಮಿಸ್, ಈಜಿನಾ, ಅಗಿಸ್ತ್ರಿ, ಪೊರೊಸ್, ಹೈಡ್ರಾ, ಸ್ಪೆಟ್ಸೆಸ್ ಎಂಬ ದ್ವೀಪಗಳು ಈ ಕೊಲ್ಲಿಯಲ್ಲೂ ಅದರ ದಕ್ಷಿಣದ ನೆರೆಯಲ್ಲೂ ಸಾಲಾಗಿವೆ, ಮತ್ತು ಅವುಗಳಲ್ಲಿ ಒಂದೆರಡನ್ನು ಒಂದೇ ದಿನದಲ್ಲಿ ನೆಮ್ಮದಿಯಾಗಿ ನೋಡಿ ಬರಬಹುದು.

ನೆಮ್ಮದಿಯಾಗಿ ಎಂಬ ಮಾತಿಗೆ ಇಲ್ಲಿ ತೂಕವಿದೆ. ಇಂತಹ ಪ್ರಯಾಣವನ್ನು ಯೋಜಿಸುವಾಗ ಹೆಚ್ಚಿನವರು ಎಷ್ಟು ದ್ವೀಪಗಳನ್ನು ನೋಡಬಹುದು ಎಂದು ಮೊದಲು ಕೇಳುತ್ತಾರೆ. ಆದರೆ ದಿನದ ಕೊನೆಯಲ್ಲಿ ಲೆಕ್ಕಕ್ಕೆ ಬರುವುದು ದ್ವೀಪಗಳ ಸಂಖ್ಯೆಯಲ್ಲ. ನೆಲದ ಮೇಲೆ ಎಷ್ಟು ಗಂಟೆ ಕಳೆದೆವು, ನೀರಿನ ಮೇಲಿನ ಗಂಟೆಗಳನ್ನು ಯಾವ ಬಗೆಯ ಹಡಗಿನಲ್ಲಿ ಕಳೆದೆವು ಎಂಬ ಎರಡು ಸಂಗತಿಗಳು. ಮುಂದಿನ ಸಲಹೆಗಳೆಲ್ಲ ಈ ಲೆಕ್ಕವನ್ನು ಆಧರಿಸಿವೆ.

ಮೂರು ದಾರಿಗಳು

ಮೊದಲನೆಯದು, ದೊಡ್ಡ ಪ್ರವಾಸಿ ಹಡಗಿನ ಮೂರು ದ್ವೀಪಗಳ ಪ್ರವಾಸ. ಇದು ಅಥೆನ್ಸಿನ ಕರಾವಳಿಯ ಬಂದರುಕಟ್ಟೆಯೊಂದರಿಂದ ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟು, ಹೈಡ್ರಾ, ಪೊರೊಸ್, ಈಜಿನಾಗಳಲ್ಲಿ ನಿಂತು, ಸಂಜೆ ಏಳರ ಸುಮಾರಿಗೆ ಮರಳುತ್ತದೆ. ಮಧ್ಯಾಹ್ನದ ಊಟ ಹಡಗಿನಲ್ಲೇ ಇರುತ್ತದೆ. ಗ್ರೀಕ್ ಸಂಗೀತವೂ ನೃತ್ಯವೂ ಇರುತ್ತವೆ. ಹೋಟೆಲಿನಿಂದ ಬಸ್ಸಿನಲ್ಲಿ ಕರೆದೊಯ್ದು ಮರಳಿ ಬಿಡುವ ವ್ಯವಸ್ಥೆಯನ್ನೂ ಕೇಳಿ ಪಡೆಯಬಹುದು. ವಯಸ್ಸಾದವರ ಜೊತೆ ಹೋಗುವವರಿಗೆ, ಟಿಕೆಟ್ಟು ಮತ್ತು ವೇಳಾಪಟ್ಟಿಯ ಚಿಂತೆ ಬೇಡವೆನ್ನುವವರಿಗೆ ಇದು ಒಳ್ಳೆಯ ಆಯ್ಕೆ. ಆದರೆ ಹನ್ನೊಂದು ಗಂಟೆಗಳ ಈ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹಡಗಿನಲ್ಲೇ ಕಳೆಯುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಪೊರೊಸ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಹೈಡ್ರಾದಲ್ಲಿ ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು. ಬುಕ್ ಮಾಡುವ ಮುನ್ನ ಯಾವ ದ್ವೀಪದಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೂ ಸಾಕು, ಆ ಪ್ರವಾಸ ನಿಮಗೆ ಒಪ್ಪುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಎರಡನೆಯದು, ಪಿರೇಯಸ್ ಬಂದರಿನಿಂದ ಜನಸಾಮಾನ್ಯರು ಓಡಾಡುವ ಫೆರ್ರಿಯಲ್ಲಿ ನೀವೇ ಹೋಗಿ ಬರುವುದು. ಖರ್ಚು ಬಹಳ ಕಡಿಮೆ, ಸಮಯ ನಿಮ್ಮ ಕೈಯಲ್ಲಿರುತ್ತದೆ. ನಾನು ಎಲ್ಲಕ್ಕಿಂತ ಮೊದಲು ಸೂಚಿಸುವುದು ಇದನ್ನೇ.

ಮೂರನೆಯದು, ಹತ್ತು ಹನ್ನೆರಡು ಮಂದಿಯ ಸಣ್ಣ ಹಾಯಿದೋಣಿ ಅಥವಾ ಜೋಡಿ ಒಡಲಿನ ಕ್ಯಾಟಮರಾನ್ ದೋಣಿ. ಇವು ಊರುಗಳಿಗಿಂತ ಈಜಿಗೆ ಒಪ್ಪುವ ಕೊಲ್ಲಿಗಳನ್ನು ಹುಡುಕಿಕೊಂಡು ಹೋಗುತ್ತವೆ. ಪೈನ್ ಮರಗಳು ನೀರಿನ ಅಂಚಿನವರೆಗೂ ಇಳಿದಿರುವ ಅಗಿಸ್ತ್ರಿ, ಈಜಿನಾದ ಪೆರ್ಡಿಕಾ ಎಂಬ ಮೀನುಗಾರರ ಹಳ್ಳಿಯ ಎದುರಿಗೆ ಜಿಂಕೆ ಮತ್ತು ನವಿಲುಗಳು ತಿರುಗಾಡುವ ಮೋನಿ ಎಂಬ ನಿರ್ಜನ ನಡುಗಡ್ಡೆ, ಇವು ಅವುಗಳ ಮೆಚ್ಚಿನ ತಾಣಗಳು. ಇದು ದುಬಾರಿ, ಗಾಳಿ ಜೋರಾದರೆ ಮೊದಲು ರದ್ದಾಗುವುದೂ ಇದೇ. ಆದರೆ ಈಜಲು ಬಲ್ಲವರ ಗುಂಪೊಂದು ಸೇರಿ ಖರ್ಚು ಹಂಚಿಕೊಂಡರೆ ಮೆಡಿಟರೇನಿಯನ್ ನೀರನ್ನು ಇಷ್ಟು ಹತ್ತಿರದಿಂದ ಅರಿಯುವ ಬೇರೆ ಉಪಾಯವಿಲ್ಲ. ಒಪ್ಪಿಕೊಳ್ಳುವ ಮೊದಲು ಪ್ರತಿಯೊಬ್ಬರಿಗೂ, ಮಕ್ಕಳಿದ್ದರೆ ಮಕ್ಕಳ ಅಳತೆಯಲ್ಲಿ, ಜೀವರಕ್ಷಕ ಜಾಕೆಟ್ಟು ಇದೆಯೇ ಎಂದು ಕೇಳಿ. ಗಾಳಿಯಿಂದ ರದ್ದಾದರೆ ಹಣ ಮರಳುತ್ತದೆಯೋ ಅಥವಾ ಬೇರೆ ದಿನ ಕೊಡುತ್ತಾರೋ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಕಾಲ ಮತ್ತು ಗಾಳಿ

ಮೇ ತಿಂಗಳ ಮಧ್ಯದಿಂದ ಜೂನ್ ಕೊನೆಯವರೆಗೆ, ಮತ್ತೆ ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದವರೆಗೆ ಈ ಪ್ರಯಾಣಕ್ಕೆ ಅತ್ಯುತ್ತಮ ಕಾಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ ಹತ್ತಿರವಾದ್ದರಿಂದ ದಿನ ದೀರ್ಘವಾಗಿರುತ್ತದೆ; ಸೆಪ್ಟೆಂಬರಿನಲ್ಲಿ ಬೇಸಿಗೆಯುದ್ದಕ್ಕೂ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ, ಜನಸಂದಣಿ ಇಳಿದಿರುತ್ತದೆ. ಮೇ ತಿಂಗಳಲ್ಲಿ ಬಿಸಿಲು ಹಿತವಾಗಿದ್ದರೂ ಸಮುದ್ರ ಇನ್ನೂ ತಣ್ಣಗಿರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೋಗಲೇಬೇಕಾದರೆ ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಿ, ಏಕೆಂದರೆ ಶನಿವಾರ, ಭಾನುವಾರಗಳಂದು ಅಥೆನ್ಸಿನ ಜನರೇ ಈ ದ್ವೀಪಗಳಿಗೆ ಹರಿದು ಬರುತ್ತಾರೆ. ಆಗಸ್ಟ್ 15 ಮಾತೆ ಮೇರಿಯ ದೊಡ್ಡ ಹಬ್ಬ. ಅದರ ಹಿಂದುಮುಂದಿನ ದಿನಗಳಲ್ಲಿ ಟಿಕೆಟ್ಟು ಸಿಗುವುದೇ ಕಷ್ಟ.

ಬಿಸಿಲಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಗಾಳಿಗೆ. ಬೇಸಿಗೆಯಲ್ಲಿ, ಮುಖ್ಯವಾಗಿ ಜುಲೈ ಮತ್ತು ಆಗಸ್ಟ್‌ನಲ್ಲಿ, ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಒಣಗಾಳಿ ಬೀಸುತ್ತದೆ. ಇದು ಮಳೆಮೋಡದ ಮುನ್ಸೂಚನೆಯೊಂದಿಗೆ ಬರುವ ಬಿರುಗಾಳಿಯಲ್ಲ. ಆಕಾಶ ಶುಭ್ರ ನೀಲಿಯಾಗಿರುವಾಗಲೇ ಸಮುದ್ರ ಬಿಳಿನೊರೆಯಿಂದ ತುಂಬುತ್ತದೆ. ಹೊಸಬರು ಮೋಸಹೋಗುವುದು ಇಲ್ಲೇ. ಮುಂಜಾನೆ ಮೆತ್ತಗಿದ್ದು ಮಧ್ಯಾಹ್ನ ಕಳೆದಂತೆ ಬಲಗೊಳ್ಳುವುದು ಅದರ ಸಾಮಾನ್ಯ ನಡೆ. ಆದ್ದರಿಂದ ದೂರದ ದ್ವೀಪವನ್ನು ಬೆಳಿಗ್ಗೆ ಮುಟ್ಟಿ, ಸಂಜೆಗೆ ಹತ್ತಿರದ ದ್ವೀಪದಲ್ಲಿರುವಂತೆ ಯೋಜಿಸುವುದು ಜಾಣತನ. ಆಟಿಕಾದ ನೆಲ ಅಡ್ಡವಿರುವುದರಿಂದ ಸರೋನಿಕ್ ಕೊಲ್ಲಿಯ ಒಳಭಾಗಕ್ಕೆ ಈ ಗಾಳಿಯ ಪೂರ್ಣ ಹೊಡೆತ ತಗಲುವುದಿಲ್ಲ, ಆದರೆ ಪೊರೊಸ್ ದಾಟಿ ಹೈಡ್ರಾ ಕಡೆಗೆ ತಿರುಗುವ ಭೂಶಿರದ ಬಳಿ ಹಡಗು ಚೆನ್ನಾಗಿಯೇ ಓಲಾಡಬಹುದು.

ಗ್ರೀಸಿನಲ್ಲಿ ಗಾಳಿಯ ಬಲವನ್ನು ಬೋಫರ್ಟ್ ಮಾಪಕದ ಅಂಕಗಳಲ್ಲಿ ಹೇಳುತ್ತಾರೆ. ಹವಾಮಾನ ವರದಿಯಲ್ಲಿ ಆ ಅಂಕವನ್ನು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮೂರರವರೆಗೆ ಸಮುದ್ರ ಸೌಮ್ಯ. ನಾಲ್ಕಕ್ಕೆ ಅಲ್ಲಲ್ಲಿ ನೊರೆ ಕಾಣಿಸಿಕೊಳ್ಳುತ್ತದೆ. ಸಣ್ಣ ದೋಣಿಯಲ್ಲಿ ಹೊಟ್ಟೆ ತೊಳಸುವವರಿಗೆ ಅದೇ ಎಲ್ಲೆ. ಆರು ಎಂದರೆ ಗಾಳಿಯ ವೇಗ ಗಂಟೆಗೆ 39ರಿಂದ 49 ಕಿಲೋಮೀಟರ್. ಅಂತಹ ದಿನ ಸಣ್ಣ ದೋಣಿಯ ಪ್ರಯಾಣವನ್ನು ಬಿಟ್ಟುಬಿಡುವುದೇ ಸರಿ. ಗಾಳಿ ಮಿತಿಮೀರಿದಾಗ ಬಂದರಿನ ಅಧಿಕಾರಿಗಳು ಹಡಗುಗಳು ಹೊರಡದಂತೆ ನಿಷೇಧ ಹಾಕುತ್ತಾರೆ. ಅಪಗೊರೆಫ್ತಿಕೊ ಎಂಬ ಗ್ರೀಕ್ ಪದ ಬಂದರಿನಲ್ಲಿ ಕಿವಿಗೆ ಬಿದ್ದರೆ ಆ ನಿಷೇಧದ ಮಾತು ನಡೆಯುತ್ತಿದೆ ಎಂದು ತಿಳಿಯಿರಿ. ಈ ನಿಷೇಧ ಮೊದಲು ತಟ್ಟುವುದು ಸಣ್ಣ ಮತ್ತು ವೇಗದ ಹಡಗುಗಳಿಗೆ, ಆಮೇಲೆ ದೊಡ್ಡ ಫೆರ್ರಿಗಳಿಗೆ. ಯುರೋಪಿಯನ್ ಒಕ್ಕೂಟದ 2010ರ 1177ನೇ ನಿಯಮದ ಪ್ರಕಾರ ಫೆರ್ರಿ ರದ್ದಾದಾಗ ಬೇರೆ ಹಡಗಿನಲ್ಲಿ ಹೋಗುವುದನ್ನೋ ಟಿಕೆಟ್ಟಿನ ಹಣವನ್ನು ಮರಳಿ ಪಡೆಯುವುದನ್ನೋ ಆಯ್ದುಕೊಳ್ಳುವ ಹಕ್ಕು ಪ್ರಯಾಣಿಕರಿಗಿದೆ. ಹವಾಮಾನದ ಕಾರಣಕ್ಕೆ ಹೆಚ್ಚಿನ ಪರಿಹಾರವನ್ನು ಮಾತ್ರ ನಿರೀಕ್ಷಿಸುವಂತಿಲ್ಲ. ಇವೆಲ್ಲದರಿಂದ ಬರುವ ಸಲಹೆ ಇಷ್ಟೆ: ಅಥೆನ್ಸಿನ ವಾಸದ ಕೊನೆಯ ದಿನವನ್ನು ದ್ವೀಪಕ್ಕೆ ಮೀಸಲಿಡಬೇಡಿ. ಮೊದಲ ಅಥವಾ ಎರಡನೆಯ ದಿನಕ್ಕೆ ಇಟ್ಟುಕೊಂಡರೆ ಗಾಳಿ ಕೈಕೊಟ್ಟರೂ ಮರುದಿನ ಹೋಗಬಹುದು.

ಪಿರೇಯಸ್ ಬಂದರಿನಲ್ಲಿ

ಪಿರೇಯಸ್‌ಗೆ ಮೆಟ್ರೊದ ಎರಡು ಮಾರ್ಗಗಳಿವೆ. ಹಳೆಯ 1ನೇ ಮಾರ್ಗ ಮೊನಾಸ್ತಿರಾಕಿ, ಒಮೊನಿಯಾಗಳ ಕಡೆಯಿಂದ ಬರುತ್ತದೆ. ಸಿಂತಾಗ್ಮಾ ಚೌಕವನ್ನು ಹಾದು ವಿಮಾನ ನಿಲ್ದಾಣದಿಂದ ಬರುವ 3ನೇ ಮಾರ್ಗ 2022ರಿಂದ ಪಿರೇಯಸ್ಸನ್ನೂ ಮುಟ್ಟುತ್ತಿದೆ. ಬಂದರು ಬಹಳ ವಿಶಾಲವಾಗಿದ್ದು, ಹಡಗುಕಟ್ಟೆಗಳ ದ್ವಾರಗಳಿಗೆ ಇ ಅಕ್ಷರದ ಜೊತೆ ಅಂಕೆ ಕೊಟ್ಟಿದ್ದಾರೆ. ಸರೋನಿಕ್ ದ್ವೀಪಗಳ ಹಡಗುಗಳು ಸಾಮಾನ್ಯವಾಗಿ ಇ-8 ದ್ವಾರದ ಬಳಿಯಿಂದ ಹೊರಡುತ್ತವೆ. ಮೆಟ್ರೊ ನಿಲ್ದಾಣದಿಂದ ಅಲ್ಲಿಗೆ ಸುಮಾರು ಹತ್ತು ನಿಮಿಷದ ನಡಿಗೆ. ಆದರೂ ಟಿಕೆಟ್ಟಿನ ಮೇಲೆ ಬರೆದಿರುವ ದ್ವಾರವನ್ನೇ ನಂಬಬೇಕು, ಮತ್ತು ಹೊರಡುವ ವೇಳೆಗೆ ಮುಕ್ಕಾಲು ಗಂಟೆ ಮುಂಚೆ ಬಂದರಿನಲ್ಲಿರುವಂತೆ ನೋಡಿಕೊಳ್ಳಬೇಕು. ಗ್ರೀಕ್ ಫೆರ್ರಿಗಳು ತಡವಾಗಿ ಬಂದರೂ ಯಾರಿಗಾಗಿಯೂ ಕಾಯುವುದಿಲ್ಲ. ಕಟ್ಟೆಯಲ್ಲಿ ನಿಲ್ಲುವುದು ಕೆಲವೇ ನಿಮಿಷ.

ಟಿಕೆಟ್ಟಿನಲ್ಲಿ ಪ್ರಯಾಣಿಕರ ಹೆಸರು ದಾಖಲಾಗಿರುವುದರಿಂದ ಪಾಸ್‌ಪೋರ್ಟ್ ಅಥವಾ ಅದರ ಸ್ಪಷ್ಟ ಪ್ರತಿ ಜೊತೆಯಲ್ಲಿರಲಿ. ಮರಳುವ ಟಿಕೆಟ್ಟನ್ನು ಹೋಗುವಾಗಲೇ ಕೊಂಡುಕೊಳ್ಳಿ, ಏಕೆಂದರೆ ಭಾನುವಾರದ ಸಂಜೆ ಪಿರೇಯಸ್‌ಗೆ ಬರುವ ಹಡಗುಗಳಲ್ಲಿ ಸ್ಥಳವಿರುವುದಿಲ್ಲ. ನಾವಿಕರ ಮುಷ್ಕರಗಳು ಗ್ರೀಸಿನಲ್ಲಿ ಅಪರೂಪವಲ್ಲ. ಅವನ್ನು ಮುಂಚಿತವಾಗಿ ಘೋಷಿಸುತ್ತಾರಾದ್ದರಿಂದ ಹಿಂದಿನ ದಿನ ಸುದ್ದಿ ನೋಡುವುದು ಒಳ್ಳೆಯದು, ಮೇ 1ರಂದು ಪ್ರಯಾಣವನ್ನೇ ಇಟ್ಟುಕೊಳ್ಳದಿರುವುದು ಇನ್ನೂ ಒಳ್ಳೆಯದು.

ಇಲ್ಲಿ ಹಡಗಿನ ಬಗೆಯನ್ನು ಆಯ್ದುಕೊಳ್ಳುವ ಪ್ರಶ್ನೆ ಬರುತ್ತದೆ. ಹೈಡ್ರೊಫಾಯಿಲ್ ಎಂಬ ವೇಗದ ಹಡಗಿನ ತಳದಲ್ಲಿ ರೆಕ್ಕೆಗಳಂತಹ ಹಲಗೆಗಳಿದ್ದು, ವೇಗ ಹೆಚ್ಚಿದಂತೆ ಅವು ಹಡಗಿನ ಒಡಲನ್ನೇ ನೀರಿನಿಂದ ಮೇಲೆತ್ತುತ್ತವೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಈ ಹಡಗುಗಳನ್ನು ಇಲ್ಲಿ ಫ್ಲೈಯಿಂಗ್ ಡಾಲ್ಫಿನ್ ಎಂದೇ ಕರೆಯುತ್ತಾರೆ. ಈಜಿನಾಕ್ಕೆ ಅದರಲ್ಲಿ ಸುಮಾರು 40 ನಿಮಿಷ. ವಾಹನಗಳನ್ನೂ ಒಯ್ಯುವ ಸಾಮಾನ್ಯ ಫೆರ್ರಿಯಲ್ಲಿ ಸುಮಾರು ಒಂದೂಕಾಲು ಗಂಟೆ. ಮೊದಲ ನೋಟಕ್ಕೆ ವೇಗದ ಹಡಗೇ ಮೇಲೆನಿಸುತ್ತದೆ. ಆದರೆ ಅದರಲ್ಲಿ ಮುಚ್ಚಿದ ಕೋಣೆಯೊಳಗೆ, ಉಪ್ಪುನೀರು ಒಣಗಿ ಮಬ್ಬಾದ ಕಿಟಕಿಯ ಪಕ್ಕದಲ್ಲಿ ಕುಳಿತಿರಬೇಕು. ಸಮುದ್ರ ನೋಡಲು ಬಂದವರಿಗೆ ಸಮುದ್ರವೇ ಸರಿಯಾಗಿ ಕಾಣುವುದಿಲ್ಲ. ಸಾಮಾನ್ಯ ಫೆರ್ರಿಯ ಮೇಲಿನ ಡೆಕ್ಕು ಬಯಲಾಗಿರುತ್ತದೆ, ಟಿಕೆಟ್ಟೂ ಅಗ್ಗ. ಈಜಿನಾಕ್ಕೆ ಹೋಗುವವರು ಕನಿಷ್ಠ ಒಂದು ದಿಕ್ಕಿನಲ್ಲಾದರೂ ಈ ನಿಧಾನದ ಹಡಗನ್ನೇ ಹಿಡಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೈಡ್ರಾಕ್ಕೆ ಮಾತ್ರ ವೇಗದ ಹಡಗಲ್ಲದೆ ಬೇರೆ ದಾರಿಯಿಲ್ಲವೆಂದೇ ಹೇಳಬಹುದು. ಅದರಲ್ಲೂ ಒಂದೂವರೆಯಿಂದ ಎರಡು ಗಂಟೆ ಬೇಕಾಗುತ್ತದೆ.

ಬಂದರಿನ ಬಾಯಿಯನ್ನು ದಾಟಿದ ಕೂಡಲೇ ಪಶ್ಚಿಮಕ್ಕೆ, ಎಂದರೆ ಹಡಗಿನ ಬಲಗಡೆಗೆ ಬಂದು ನಿಲ್ಲಿ. ಎದುರಿಗೆ ಕಾಣುವ ದೊಡ್ಡ ನೆಲ ಸಲಾಮಿಸ್ ದ್ವೀಪ. ಅದಕ್ಕೂ ಆಟಿಕಾಕ್ಕೂ ನಡುವಿನ ಇಕ್ಕಟ್ಟಾದ ನೀರಿನಲ್ಲಿ ಕ್ರಿಸ್ತಪೂರ್ವ 480ರಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸನ ಯೋಜನೆಯಂತೆ ಗ್ರೀಕರ ಹಡಗುಪಡೆ ಪರ್ಷಿಯದ ದೊರೆ ಕ್ಸರ್ಕ್ಸೀಸನ ಬೃಹತ್ ಹಡಗುಪಡೆಯನ್ನು ಸೋಲಿಸಿತು. ಜಲಸಂಧಿಯ ಬಾಯಲ್ಲಿ ಸಿತಾಲಿಯಾ ಎಂಬ ಪುಟ್ಟ ನಡುಗಡ್ಡೆಯಿದೆ. ಪರ್ಷಿಯನ್ನರು ಅಲ್ಲಿ ಇಳಿಸಿದ್ದ ಸೈನಿಕರು ಅಂದೇ ಹತರಾದರು. ಇಂದು ಆ ನಡುಗಡ್ಡೆಯ ಮೇಲೆ ಅಥೆನ್ಸ್ ಮಹಾನಗರದ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕವಿದೆ. ಆ ಜಾಗ ಎಷ್ಟು ಕಿರಿದು ಎಂಬುದು ಹಡಗಿನ ಮೇಲೆ ನಿಂತಾಗ ಕಾಣುತ್ತದೆ, ಸಂಖ್ಯೆಯಲ್ಲಿ ಹೆಚ್ಚಾಗಿದ್ದ ಹಡಗುಗಳು ಅಲ್ಲಿ ಒಂದಕ್ಕೊಂದು ಅಡ್ಡವಾಗಿ ಹೇಗೆ ಸಿಕ್ಕಿಬಿದ್ದವು ಎಂಬುದೂ ತಾನಾಗಿ ಅರ್ಥವಾಗುತ್ತದೆ.

ಈಜಿನಾ: ಮೊದಲ ಬಾರಿಗೆ ಹೋಗುವವರಿಗೆ

ಒಂದೇ ದ್ವೀಪವನ್ನು ಆರಿಸಿಕೊಳ್ಳಬೇಕಾದರೆ ನಾನು ಈಜಿನಾವನ್ನೇ ಹೇಳುತ್ತೇನೆ. ಗ್ರೀಕರ ಉಚ್ಚಾರಣೆಯಲ್ಲಿ ಅದು ಎಯಿನಾ ಎಂದು ಕೇಳಿಸುತ್ತದೆ, ಹೈಡ್ರಾ ಇದ್ರಾ ಆಗುತ್ತದೆ. ಹಡಗಿನ ಘೋಷಣೆಗಳಿಗೆ ಕಿವಿಗೊಡುವಾಗ ಇದು ನೆನಪಿರಲಿ. ಹಡಗು ಕಟ್ಟೆಗೆ ಬರುವಾಗ ಎಡಗಡೆಯ ಗುಡ್ಡದ ಮೇಲೆ ಒಂಟಿಯಾಗಿ ನಿಂತಿರುವ ಕಂಬ ಪ್ರಾಚೀನ ಅಪೊಲೊ ದೇವಾಲಯದ್ದು. ಕ್ರಿಸ್ತಪೂರ್ವ 6ನೇ ಶತಮಾನದಲ್ಲೇ ಆಮೆಯ ಚಿತ್ರವಿದ್ದ ಬೆಳ್ಳಿ ನಾಣ್ಯಗಳನ್ನು ಟಂಕಿಸಿ ವ್ಯಾಪಾರದಲ್ಲಿ ಅಥೆನ್ಸಿಗೆ ಎದುರಾಳಿಯಾಗಿದ್ದ ದ್ವೀಪವಿದು. 1828ರಲ್ಲಿ ಹೊಸದಾಗಿ ಸ್ವತಂತ್ರವಾಗುತ್ತಿದ್ದ ಗ್ರೀಸಿನ ಆಡಳಿತವನ್ನು ಅದರ ಮೊದಲ ಆಡಳಿತಗಾರ ಕಪೊಡಿಸ್ಟ್ರಿಯಾಸ್ ಇಲ್ಲಿಂದಲೇ ಆರಂಭಿಸಿದರು.

ಹಡಗಿನಿಂದ ಇಳಿದವರು ಕಟ್ಟೆಯ ಬಳಿಯ ಬಸ್ ನಿಲ್ದಾಣಕ್ಕೆ ನೇರವಾಗಿ ಹೋಗಿ ಅಗಿಯಾ ಮರೀನಾ ಕಡೆಯ ಬಸ್ಸಿನ ಸಮಯವನ್ನು ನೋಡಿಕೊಳ್ಳಬೇಕು. ಆ ಬಸ್ಸು ಸಂತ ನೆಕ್ತಾರಿಯೊಸ್ ಅವರ ಮಠವನ್ನು ಹಾದು, ಸುಮಾರು 12 ಕಿಲೋಮೀಟರ್ ದೂರದ, ಅಫಾಯಾ ಎಂಬ ಸ್ಥಳೀಯ ದೇವತೆಯ ಪ್ರಾಚೀನ ದೇವಾಲಯದ ಬಾಗಿಲಲ್ಲೇ ನಿಲ್ಲುತ್ತದೆ. ನೆಕ್ತಾರಿಯೊಸ್ 1920ರಲ್ಲಿ ತೀರಿಕೊಂಡು 1961ರಲ್ಲಿ ಸಂತರೆಂದು ಘೋಷಿತರಾದವರು. ಇಂದಿಗೂ ಭಕ್ತರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ, ಆದ್ದರಿಂದ ಮಠದೊಳಗೆ ಹೋಗುವವರು ಭುಜ ಮತ್ತು ಮಂಡಿ ಮುಚ್ಚುವ ಉಡುಪು ಧರಿಸಿರಬೇಕು.

ಅಫಾಯಾ ದೇವಾಲಯವನ್ನು ಕಟ್ಟಿದ್ದು ಕ್ರಿಸ್ತಪೂರ್ವ 500ರ ಆಸುಪಾಸಿನಲ್ಲಿ, ಎಂದರೆ ಇಂದು ಅಕ್ರೊಪೊಲಿಸ್‌ನ ಮೇಲೆ ಕಾಣುವ ಪಾರ್ಥೆನಾನ್‌ಗಿಂತ ಅರ್ಧ ಶತಮಾನ ಮುಂಚೆ. ಸ್ಥಳೀಯ ಸುಣ್ಣಕಲ್ಲಿನ ಡೋರಿಕ್ ಕಂಬಗಳಲ್ಲಿ ಬಹುಪಾಲು ಇನ್ನೂ ನಿಂತಿವೆ. ಸುತ್ತಲೂ ಪೈನ್ ಕಾಡು, ಕೆಳಗೆ ಎರಡು ದಿಕ್ಕಿಗೆ ಸಮುದ್ರ. ಶುಭ್ರ ದಿನದಲ್ಲಿ ಅಲ್ಲಿಂದ ಅಥೆನ್ಸಿನ ಕರಾವಳಿ ಕಾಣುತ್ತದೆ. ಮುಂಗೋಪುರದ ತ್ರಿಕೋನದಲ್ಲಿದ್ದ ಯೋಧರ ಅಮೃತಶಿಲೆಯ ಶಿಲ್ಪಗಳು ಮಾತ್ರ ಇಲ್ಲಿಲ್ಲ. 1811ರಲ್ಲಿ ಅವನ್ನು ಅಗೆದು ತೆಗೆದವರು ಮಾರಾಟಕ್ಕಿಟ್ಟರು. ಬವೇರಿಯದ ಯುವರಾಜ ಲುಡ್ವಿಗ್ ಕೊಂಡುಕೊಂಡ ಕಾರಣ ಅವು ಇಂದು ಮ್ಯೂನಿಕ್ ನಗರದ ಗ್ಲಿಪ್ಟೊಥೆಕ್ ಸಂಗ್ರಹಾಲಯದಲ್ಲಿವೆ. ಅಕ್ರೊಪೊಲಿಸ್‌ನ ನೂಕುನುಗ್ಗಲಿನಲ್ಲಿ ಕಂಬಗಳಿಗಿಂತ ಜನರ ತಲೆಗಳನ್ನೇ ಹೆಚ್ಚು ಕಂಡವರಿಗೆ, ಇಲ್ಲಿ ಒಂದು ಗ್ರೀಕ್ ದೇವಾಲಯದ ಸುತ್ತ ನಿಧಾನವಾಗಿ ನಡೆದು ಅದರ ಅಳತೆಯನ್ನು ಅರಿಯುವ ಅವಕಾಶ ಸಿಗುತ್ತದೆ. ಮರಳುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಚಾಲಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಗುಡ್ಡದ ಮೇಲೆ ಟ್ಯಾಕ್ಸಿ ಸುಲಭವಾಗಿ ಸಿಗುವುದಿಲ್ಲ.

ಬಂದರಿನ ಊರಿಗೆ ಬಂದ ಮೇಲೆ ಪಿಸ್ತಾ ಕೊಳ್ಳದೆ ಹೋಗಬೇಡಿ. ಈಜಿನಾದ ಪಿಸ್ತಾಕ್ಕೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಮೂಲದ ಮಾನ್ಯತೆಯಿದೆ. ಕೊಯ್ಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಡೆಯುವುದರಿಂದ ಆ ಹೊತ್ತಿಗೆ ಹೋದವರಿಗೆ ಹೊಸ ಬೆಳೆ ಸಿಗುತ್ತದೆ. ಸಮಯ ಉಳಿದರೆ ಪೆರ್ಡಿಕಾಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸಣ್ಣ ದೋಣಿಯಲ್ಲಿ ಹತ್ತು ನಿಮಿಷದಲ್ಲಿ ಮೋನಿ ನಡುಗಡ್ಡೆಗೆ ದಾಟಬಹುದು.

ಹೈಡ್ರಾ ಮತ್ತು ಪೊರೊಸ್

ಹೈಡ್ರಾದಲ್ಲಿ ಕಾರುಗಳಿಲ್ಲ, ಸ್ಕೂಟರುಗಳೂ ಇಲ್ಲ. ಕಸದ ಲಾರಿ, ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳ ಹೊರತು ಮೋಟಾರು ವಾಹನಗಳಿಗೆ ನಿಷೇಧವಿದೆ. ಸರಕು ಸಾಗುವುದು ಹೇಸರಗತ್ತೆಗಳ ಬೆನ್ನ ಮೇಲೆ. ಅರ್ಧಚಂದ್ರಾಕಾರದ ಬಂದರಿನ ಸುತ್ತ ಬೂದುಗಲ್ಲಿನ ಮಹಲುಗಳು ಗುಡ್ಡದ ಮೇಲಕ್ಕೆ ಹತ್ತಿಕೊಂಡು ಹೋಗಿವೆ. ಹದಿನೆಂಟನೆಯ ಶತಮಾನದ ಕೊನೆಗೆ ಹಡಗು ವ್ಯಾಪಾರದಿಂದ ಸಿರಿವಂತರಾದ ಮನೆತನಗಳು ಅವನ್ನು ಕಟ್ಟಿಸಿದವು. ಒಟ್ಟೋಮನ್ ಆಳ್ವಿಕೆಯ ವಿರುದ್ಧ 1821ರಲ್ಲಿ ಆರಂಭವಾದ ಗ್ರೀಕ್ ಸ್ವಾತಂತ್ರ್ಯ ಯುದ್ಧಕ್ಕೆ ಅದೇ ಮನೆತನಗಳು ತಮ್ಮ ಹಡಗುಗಳನ್ನು ಕೊಟ್ಟವು. ಗ್ರೀಕ್ ಹಡಗುಪಡೆಯ ನಾಯಕ ಆಂಡ್ರಿಯಾಸ್ ಮಿಯಾವುಲಿಸ್‌ನ ಹೃದಯವನ್ನು ಬಂದರಿನ ಪಕ್ಕದ ಐತಿಹಾಸಿಕ ಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ಒಂದೂವರೆ ಗಂಟೆ ಮಾತ್ರ ಇದ್ದರೆ ಹೀಗೆ ಮಾಡಿ: ಬಂದರಿನ ಗಡಿಯಾರ ಗೋಪುರದ ಹಿಂದಿರುವ ಮಠದ ತಂಪಾದ ಅಂಗಳವನ್ನು ನೋಡಿ, ಆಮೇಲೆ ಊರಿಗೆ ಮುಖಮಾಡಿ ನಿಂತಾಗ ಬಲಗಡೆ ಸಾಗುವ ಕಡಲದಂಡೆಯ ದಾರಿಯಲ್ಲಿ ನಡೆಯಿರಿ. ಹಳೆಯ ಫಿರಂಗಿಗಳ ತಿರುವನ್ನು ದಾಟಿದರೆ ಬಂಡೆಗಳಿಂದ ನೇರವಾಗಿ ನೀರಿಗಿಳಿಯುವ ಸ್ಪಿಲಿಯಾ ಸಿಗುತ್ತದೆ. ಇನ್ನೂ ಕಾಲು ಗಂಟೆ ನಡೆದರೆ ಕಮಿನಿ ಎಂಬ ಪುಟ್ಟ ದೋಣಿಬಂದರು, ಅದರಾಚೆ ವ್ಲಿಖೊಸ್ ಕಡಲತೀರ. ನಾಲ್ಕೈದು ಗಂಟೆ ಇರುವವರು ಬೆಳಗಿನ ತಂಪಿನಲ್ಲಿ ಪ್ರವಾದಿ ಎಲಿಯಾಸ್ ಮಠಕ್ಕೆ ಹತ್ತಬಹುದು. ಸುಮಾರು ಒಂದು ಗಂಟೆಯ ಏರು. ಬಂದರಿನಲ್ಲಿ ಕತ್ತೆ, ಹೇಸರಗತ್ತೆಗಳ ಸವಾರಿಗೆ ಕರೆಯುತ್ತಾರೆ. ಈ ಪ್ರಾಣಿಗಳ ಮೇಲೆ 100 ಕಿಲೋಗ್ರಾಂ ಅಥವಾ ಅವುಗಳ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೇರಬಾರದೆಂದು ಗ್ರೀಕ್ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಕಾಲು ಗಟ್ಟಿಯಿರುವವರು ನಡೆದೇ ಹೋಗಬೇಕೆಂಬುದು ನನ್ನ ಕೋರಿಕೆ. ಆ ಮೆಟ್ಟಿಲುಗಳ ಮೇಲೆ, ಆ ಬಿಸಿಲಿನಲ್ಲಿ, ಬೆನ್ನ ಮೇಲೆ ಜನರನ್ನು ಹೊತ್ತು ಹತ್ತುವುದು ಪ್ರಾಣಿಗೆ ಸುಲಭವಲ್ಲ.

ಪೊರೊಸ್ ಅನ್ನು ಪೆಲೊಪೊನೀಸ್‌ನಿಂದ ಬೇರ್ಪಡಿಸುವ ಜಲಸಂಧಿ ಇಕ್ಕಟ್ಟಾದ ಜಾಗದಲ್ಲಿ ಸುಮಾರು 200 ಮೀಟರ್ ಮಾತ್ರ. ಹಡಗು ಅದರೊಳಗೆ ಮೆಲ್ಲಗೆ ನುಗ್ಗುವ ಹೊತ್ತಿಗೆ ಡೆಕ್ಕಿನ ಮೇಲಿರಿ. ಇಳಿದ ಮೇಲೆ 1927ರ ಗಡಿಯಾರ ಗೋಪುರಕ್ಕೆ ಮೆಟ್ಟಿಲು ಹತ್ತಿದರೆ ಜಲಸಂಧಿಯೂ ಎದುರಿನ ಗಲಾತಾಸ್ ಊರೂ ಕಾಣುತ್ತವೆ. ಒಂದು ಗಂಟೆಯಲ್ಲಿ ಇಷ್ಟು ಸಾಕು. ಪ್ರಾಚೀನ ಅಥೆನ್ಸಿನ ಹೆಸರಾಂತ ವಾಗ್ಮಿ ಡೆಮೊಸ್ತನೀಸ್ ಕ್ರಿಸ್ತಪೂರ್ವ 322ರಲ್ಲಿ ಶತ್ರುಗಳಿಗೆ ಸಿಗದಂತೆ ವಿಷ ಸೇವಿಸಿದ ಪೊಸೈಡನ್ ದೇವಾಲಯ ದ್ವೀಪದ ಒಳಭಾಗದಲ್ಲಿದೆ. ಅಲ್ಲಿ ಉಳಿದಿರುವುದು ಅಡಿಪಾಯ ಮಾತ್ರವಾದ್ದರಿಂದ ಇತಿಹಾಸದಲ್ಲಿ ವಿಶೇಷ ಆಸಕ್ತಿಯುಳ್ಳವರು ಮಾತ್ರ ಆ ದಾರಿ ಹಿಡಿಯಲಿ.

ಹಡಗಿನ ಮೇಲೆ, ನೀರಿನಲ್ಲಿ

ಹಡಗಿನ ಓಲಾಟಕ್ಕೆ ವಾಕರಿಕೆ ಬರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ದಿಗಂತ ಕಾಣುವಂತೆ ಕುಳಿತುಕೊಳ್ಳಬೇಕು. ಫೋನನ್ನು ಚೀಲದಲ್ಲಿಡಿ. ವಾಕರಿಕೆಯ ಮಾತ್ರೆಗಳು ಹೊರಡುವ ಅರ್ಧ ಅಥವಾ ಒಂದು ಗಂಟೆ ಮುಂಚೆ ತೆಗೆದುಕೊಂಡರೆ ಮಾತ್ರ ಕೆಲಸ ಮಾಡುತ್ತವೆ. ತಲೆ ಸುತ್ತಲು ಆರಂಭಿಸಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಕೆಲವು ಮಾತ್ರೆಗಳು ನಿದ್ದೆ ತರುತ್ತವಾದ್ದರಿಂದ ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಒಳಿತು. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಡೆಕ್ಕಿನ ಮೇಲೆ ಗಾಳಿ ತಂಪಾಗಿ ಬೀಸುತ್ತಿರುವುದರಿಂದ ಬಿಸಿಲು ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ; ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಿ, ಗಾಳಿಗೆ ಹಾರದಂತೆ ದಾರ ಕಟ್ಟುವ ಟೋಪಿ ಇರಲಿ, ಸಂಜೆಯ ಮರಳುವಿಕೆಗೆ ಒಂದು ತೆಳುವಾದ ಮೇಲಂಗಿಯೂ ಇರಲಿ.

ನೀರಿಗಿಳಿಯುವವರಿಗೆ ಎರಡು ಎಚ್ಚರಿಕೆಗಳು. ದೋಣಿಯಿಂದ ಈಜುವಾಗ ಎಂಜಿನ್ ನಿಂತಿದೆ ಎಂದು ಚಾಲಕರು ಹೇಳುವವರೆಗೆ ಹಾರಬಾರದು, ಮತ್ತು ಏಣಿ ಇಳಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಬಂಡೆಗಳ ಮೇಲೆ ಕಪ್ಪು ಮುಳ್ಳುಗಳ ಸೀ ಅರ್ಚಿನ್‌ಗಳು ಅಂಟಿಕೊಂಡಿರುವುದರಿಂದ ರಬ್ಬರ್ ತಳದ ಈಜುಚಪ್ಪಲಿ ಅಗತ್ಯ. ನೇರಳೆ ಬಣ್ಣದ ಜೆಲ್ಲಿಮೀನು ಕುಟುಕಿದರೆ ಆ ಜಾಗವನ್ನು ಸಮುದ್ರದ ನೀರಿನಿಂದಲೇ ತೊಳೆಯಬೇಕು; ಸಿಹಿನೀರು ಹಾಕಿದರೆ ಉರಿ ಹೆಚ್ಚುತ್ತದೆ. ಕೊಲ್ಲಿಗಳ ತಳದಲ್ಲಿ ಹಸಿರು ಪಟ್ಟಿಗಳಂತೆ ತೂಗಾಡುವುದು ಪೊಸಿಡೋನಿಯಾ ಎಂಬ ಕಡಲಹುಲ್ಲು. ಮೀನಿನ ಮರಿಗಳಿಗೆ ಆಸರೆಯಾಗುವ, ಬಹಳ ನಿಧಾನವಾಗಿ ಬೆಳೆಯುವ ಈ ಹುಲ್ಲನ್ನು ಲಂಗರು ಕಿತ್ತುಹಾಕುತ್ತದೆ. ಸಣ್ಣ ದೋಣಿಯಲ್ಲಿ ಹೋಗುವವರು ಮರಳಿನ ಮೇಲೆ ಲಂಗರು ಹಾಕುವಂತೆ ಚಾಲಕರನ್ನು ವಿನಯದಿಂದ ಕೇಳಬಹುದು. ತುರ್ತು ಪ್ರಸಂಗದಲ್ಲಿ 112ಕ್ಕೆ, ಸಮುದ್ರದಲ್ಲಾದರೆ ಕರಾವಳಿ ಕಾವಲು ಪಡೆಯ 108ಕ್ಕೆ ಕರೆ ಮಾಡಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆಯಿಲ್ಲ. ಫೆಟಾ ಚೀಸಿನ ಹಳ್ಳಿ ಸಲಾಡ್, ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬೀನ್ಸ್ ಕಾಳಿನ ಗಿಗಾಂತೆಸ್, ಹಳದಿ ಬೇಳೆಯ ಫಾವಾ, ಪಾಲಕಿನ ಸ್ಪಾನಕೊಪಿತಾ ಎಲ್ಲ ಕಡೆ ಸಿಗುತ್ತವೆ. ಅನ್ನ ತುಂಬಿದ ಟೊಮೆಟೊ ಯೆಮಿಸ್ತಾದಲ್ಲಿ ಕೆಲವೊಮ್ಮೆ ಮಾಂಸದ ಚೂರು ಸೇರಿಸುತ್ತಾರಾದ್ದರಿಂದ ಕೇಳಿ ತರಿಸಿಕೊಳ್ಳಿ. ನಿಸ್ತಿಸಿಮೊ ಎಂದರೆ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಆಕ್ಟೋಪಸ್, ಸೀಗಡಿ ಇರಬಹುದು. ಮೀನು ತಿನ್ನುವವರು ತಾಜಾ ಮೀನಿನ ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಬರೆದಿರುತ್ತಾರೆ ಎಂಬುದನ್ನು ಗಮನಿಸಿ, ಬೇಯಿಸುವ ಮೊದಲೇ ತೂಕ ಮಾಡಿಸಬೇಕು. ಇನ್ನೊಂದು ಸಣ್ಣ ಸಂಗತಿ: ದ್ವೀಪಗಳ ಶೌಚಾಲಯಗಳ ಕೊಳವೆಗಳು ಕಿರಿದಾಗಿರುವುದರಿಂದ ಕಾಗದವನ್ನು ಪಕ್ಕದ ಬುಟ್ಟಿಗೇ ಹಾಕಬೇಕು.

ಮರಳುವಾಗ

ಕೊನೆಯ ಹಡಗನ್ನು ನಂಬಿ ಕೂರಬೇಡಿ. ಅದಕ್ಕೆ ಒಂದು ಮುಂಚಿನ ಹಡಗಿಗೆ ಟಿಕೆಟ್ಟು ಮಾಡಿಸಿ. ಆ ಹಡಗು ರದ್ದಾದರೆ ಇನ್ನೊಂದು ಇರುತ್ತದೆ ಎಂಬ ಧೈರ್ಯವೇ ಮಧ್ಯಾಹ್ನವನ್ನು ಹಗುರವಾಗಿಸುತ್ತದೆ. ಹೈಡ್ರೊಫಾಯಿಲ್‌ಗಳು ಗಾಳಿಗೆ ನಿಂತುಹೋದಾಗಲೂ ಈಜಿನಾದಿಂದ ದೊಡ್ಡ ಫೆರ್ರಿ ಓಡುತ್ತಿರಬಹುದು, ಆದ್ದರಿಂದ ಟಿಕೆಟ್ಟಿನ ಕಟ್ಟೆಯಲ್ಲಿ ಅದನ್ನು ಮೊದಲು ವಿಚಾರಿಸಿ. ಪೊರೊಸ್‌ನಲ್ಲಿ ಸಿಕ್ಕಿಕೊಂಡವರು ಕೆಲವೇ ನಿಮಿಷಗಳಲ್ಲಿ ಗಲಾತಾಸ್‌ಗೆ ದಾಟಿ ರಸ್ತೆಯ ಮೂಲಕ ಅಥೆನ್ಸ್ ಸೇರಬಹುದು. ಹೈಡ್ರಾದಿಂದಲೂ ಎದುರು ದಂಡೆಯ ಮೆತೊಖಿಗೆ ಸಣ್ಣ ಹಡಗುಗಳಿವೆ, ಆದರೆ ಅಲ್ಲಿಂದ ಅಥೆನ್ಸಿಗೆ ದಾರಿ ಬಹಳ ದೂರ, ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅದೇ ರಾತ್ರಿ ವಿಮಾನ ಹತ್ತುವ ಯೋಜನೆ ಮಾತ್ರ ಬೇಡ. ಪಿರೇಯಸ್‌ನಿಂದ ವಿಮಾನ ನಿಲ್ದಾಣಕ್ಕೆ 3ನೇ ಮಾರ್ಗದ ಮೆಟ್ರೊದಲ್ಲಿ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆ ಮಾರ್ಗದ ಪ್ರತಿ ರೈಲೂ ವಿಮಾನ ನಿಲ್ದಾಣದವರೆಗೆ ಹೋಗುವುದಿಲ್ಲವಾದ್ದರಿಂದ ಹತ್ತುವ ಮುನ್ನ ರೈಲಿನ ಮುಂದಿನ ಫಲಕವನ್ನು ಓದಿಕೊಳ್ಳಿ. ಅಲ್ಲಿಗೆ ಬೇರೆ ದರದ ಟಿಕೆಟ್ಟು ಬೇಕಾಗುತ್ತದೆ ಎಂಬುದೂ ನೆನಪಿರಲಿ.